ಜಿಪ್ಸಿಗೆ 4.16 ಲೋ ಗೇರ್ ಹಾಕಿದ್ದು: ಟ್ರಾನ್ಸ್‌ಫರ್ ಕೇಸ್ ಬಿಚ್ಚಿ ಕೂಡಿಸಿದ ಅನುಭವ

ಕಲಘಟಗಿ ಕಡೆಯ ಹಳ್ಳಗಳ ಕಲ್ಲು ದಂಡೆಯಲ್ಲಿ ಜಿಪ್ಸಿ ಕಿಂಗ್ ಇಳಿಸುವಾಗ ಲೋ ರೇಂಜಿನ ಫಸ್ಟ್ ಗೇರ್ ಕೂಡ ಜೋರಾಗಿಯೇ ಓಡುತ್ತದೆ. ಬ್ರೇಕ್ ತುಳಿದರೆ ಗಾಲಿ ಜಾರುತ್ತದೆ, ಹತ್ತುವಾಗ ಅರ್ಧ ಕ್ಲಚ್ಚಿನಲ್ಲಿ ಹಿಡಿದರೆ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಇದಕ್ಕೆ ಮದ್ದು ಟ್ರಾನ್ಸ್‌ಫರ್ ಕೇಸಿನ ಗೇರ್ ಬದಲಿಸುವುದು. ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್ಲಿಗೆ ಹಂಚುವ, ಹೈ ಮತ್ತು ಲೋ ರೇಂಜ್ ಕೊಡುವ ಪೆಟ್ಟಿಗೆ ಇದು. ಜಿಪ್ಸಿಯಲ್ಲಿ ಈ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಹಾಗಾಗಿ ಗೇರ್‌ಬಾಕ್ಸ್ ಮುಟ್ಟದೆ ಕೆಲಸ ಮುಗಿಯುತ್ತದೆ.

ಮೊದಲು ಅನುಪಾತದ ಲೆಕ್ಕ, ಅಂದರೆ ಔಟ್‌ಪುಟ್ ಒಂದು ಸುತ್ತು ಬರಲು ಇನ್‌ಪುಟ್ ಎಷ್ಟು ಸುತ್ತಬೇಕು ಎಂಬುದು. ಕಿಂಗಿನ ಫಸ್ಟ್ ಗೇರ್ 3.652, ಟ್ರಾನ್ಸ್‌ಫರಿನ ಹೈ 1.409, ಲೋ 2.268. ಫಸ್ಟನ್ನೂ ಲೋವನ್ನೂ ಗುಣಿಸಿದರೆ ಲೋ ಫಸ್ಟ್ 8.28. ಹಳೆಯ 970 ಸಿಸಿ ಜಿಪ್ಸಿಯ ಕೇಸಿನಲ್ಲಿ ಹೈ 1.580, ಲೋ 2.511, ಅದನ್ನು ಹಾಕಿದರೆ ಲೋ ಫಸ್ಟ್ 9.17 ಆಗುತ್ತದೆ. ಅಗ್ಗದ ದಾರಿ, ಆದರೆ ಕಲ್ಲಿನ ಮೇಲೆ ಅಷ್ಟು ಸಾಲದು. ಲೋ ಅನುಪಾತವನ್ನು 4.16ಕ್ಕೆ ತರುವ ಗೇರ್ ಕಿಟ್ ಹಾಕಿದರೆ 15.19. ಆಕ್ಸಲ್ಲಿನ ಕೊನೆಯ ಗೇರ್ ಜೋಡಿಯಾದ ಕ್ರೌನ್–ಪಿನಿಯನ್ 37 ಮತ್ತು 9 ಹಲ್ಲಿನದಾದರೆ ಅನುಪಾತ 4.111, 205/70 ಆರ್ 15 ಟೈರಿನಲ್ಲಿ, 1000 ಆರ್‌ಪಿಎಂಗೆ ಗಂಟೆಗೆ 3.7 ಕಿ.ಮೀ. ಇದ್ದ ನಡಿಗೆ 2 ಕಿ.ಮೀ.ಗೆ ಇಳಿಯುತ್ತದೆ. ನಿಮ್ಮ ಆಕ್ಸಲ್ ಬೇರೆಯದಿದ್ದರೆ ಹಲ್ಲು ಎಣಿಸಿಕೊಂಡೇ ಲೆಕ್ಕ ಹಾಕಿ.

ನನಗೆ ಈ ಕಿಟ್ ಹಿಡಿಸಿದ್ದು ಇನ್ನೊಂದು ಕಾರಣಕ್ಕೆ. ಹೊಸ ಲೋ ಸೆಕೆಂಡ್ 8.10 ಬರುತ್ತದೆ, ಅಂದರೆ ಹೆಚ್ಚುಕಡಿಮೆ ಹಳೆಯ ಲೋ ಫಸ್ಟೇ. ಹೊಸ ಲೋ ಥರ್ಡ್ 5.92, ಹೈ ಫಸ್ಟ್ 5.77. ಇದ್ದ ಗೇರ್ ಕಳೆದುಕೊಳ್ಳದೆ ಕೆಳಗೆ ಒಂದು ಹೊಸ ಗೇರ್ ಸಿಕ್ಕಂತಾಯಿತು. ಆದರೆ ಈ ಕಿಟ್ಟಿನಲ್ಲಿ ಹೈ ಕೂಡ 1.580ಕ್ಕೆ ಬರುವುದರಿಂದ ಗದಗ ರಸ್ತೆಯಲ್ಲಿ 80ರ ವೇಗಕ್ಕೆ ಎಂಜಿನ್ ಸುಮಾರು 2900 ಬದಲು 3300 ಸುತ್ತುತ್ತದೆ. 235/75 ಆರ್ 15 ಟೈರ್ ಹಾಕಿದರೆ ಇದು ಬಹುತೇಕ ಸರಿಹೋಗುತ್ತದೆ. ಸ್ಪೀಡೋಮೀಟರಿನ ಗೇರ್ ಹಿಂದಿನ ಔಟ್‌ಪುಟ್ ಶಾಫ್ಟಿನ ಮೇಲೆ ಇರುವುದರಿಂದ ಕಿಟ್ಟಿನಿಂದ ಮುಳ್ಳು ಕೆಡುವುದಿಲ್ಲ. ಟೈರ್ ದೊಡ್ಡದಾದರೆ ಮಾತ್ರ ಮುಳ್ಳು 80 ತೋರಿಸುವಾಗ ನಿಜ ವೇಗ 88 ಆಗಿರುತ್ತದೆ.

ಕಿಟ್ಟಿನ ಜೊತೆ ಬೇರಿಂಗ್ ಸೆಟ್, ಕೌಂಟರ್ ಗೇರಿನ ನೀಡಲ್ ಬೇರಿಂಗ್, ಥ್ರಸ್ಟ್ ವಾಶರ್, ಮೂರು ಆಯಿಲ್ ಸೀಲ್, ಓ-ರಿಂಗ್, ಸೀಲೆಂಟ್, ಮೂರು ರಬ್ಬರ್ ಮೌಂಟ್, ಒಂದು ಲೀಟರ್ ಗೇರ್ ಆಯಿಲ್ ಮೊದಲೇ ತಂದಿಟ್ಟುಕೊಳ್ಳಿ. ಕೇಸಿಗೆ ಬೇಕಾಗುವುದು 0.8 ಲೀಟರ್. ಹಳೆಯ ಬೇರಿಂಗಿಗೆ ಹೊಸ ಗೇರ್ ಹಾಕುವುದು ದುಡ್ಡು ಉಳಿಸುವ ಕೆಲಸವಲ್ಲ. ಬೇರಿಂಗ್ ಸಡಿಲಿದ್ದರೆ ಹಲ್ಲು ಅಂಚಿನಲ್ಲಿ ಮಾತ್ರ ಕಚ್ಚಿ ಗುರುಗುಟ್ಟುತ್ತದೆ.

ಆಯಿಲ್ ಇಳಿಸಿ, ಗಿಡ್ಡದು, ಮುಂದಿನದು, ಹಿಂದಿನದು ಹೀಗೆ ಮೂರೂ ಶಾಫ್ಟಿನ ಫ್ಲೇಂಜಿಗೆ (ಬೋಲ್ಟ್ ಕೂಡುವ ಬಿಲ್ಲೆಗೆ) ಬಣ್ಣದ ಗುರುತು ಹಾಕಿ ಬಿಚ್ಚಿ. ಗಿಡ್ಡ ಶಾಫ್ಟನ್ನು ಗೇರ್‌ಬಾಕ್ಸಿನ ಸ್ಪ್ಲೈನಿನಿಂದ ಎಳೆದರೆ ಅಲ್ಲಿಂದಲೂ ಆಯಿಲ್ ಸುರಿಯುತ್ತದೆ, ಕೆಳಗೆ ಬುಟ್ಟಿ ಇಡಿ. ಸ್ಪೀಡೋ ಕೇಬಲ್, ಫೋರ್ ವೀಲ್ ಸ್ವಿಚ್ಚಿನ ವೈರ್, ಲಿವರ್ ಬಿಡಿಸಿ, ಜ್ಯಾಕ್ ಕೊಟ್ಟು ಮೂರು ಮೌಂಟ್ ಬಿಚ್ಚಿದರೆ ಕೇಸ್ ಕೆಳಗೆ ಬರುತ್ತದೆ. ಮಲಗಿಕೊಂಡು ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ, ಇನ್ನೊಬ್ಬರು ಬೇಕು.

ಫ್ಲೇಂಜ್ ನಟ್ಟಿನ ತುಟಿ ಶಾಫ್ಟಿನ ಕಚ್ಚಿಗೆ ಒತ್ತಿರುತ್ತದೆ. ಅದನ್ನು ಛೇಣಿಯಿಂದ ಎತ್ತದೆ ಪಾನಾ ಹಾಕಿ ತಿರುವಿದರೆ ಶಾಫ್ಟಿನ ಥ್ರೆಡ್ ಕಿತ್ತು ಬರುತ್ತದೆ. ಮುಂದಿನ ಎಚ್ಚರಿಕೆ ಗೇರ್ ಸರಿಸುವ ಫೋರ್ಕ್ ಶಾಫ್ಟಿನದು: ಪ್ಲಗ್ ಬಿಚ್ಚಿ ಸ್ಪ್ರಿಂಗ್ ಮತ್ತು ಗುಂಡು ತೆಗೆಯುವವರೆಗೂ ಅದನ್ನು ಎಳೆಯಬಾರದು. ಎಳೆದರೆ ಗುಂಡು ಸಿಡಿದು ಬೆಂಚಿನ ಕೆಳಗೆ ಹೋಗುತ್ತದೆ. ಯಾವ ಶಾಫ್ಟಿನ ಸ್ಪ್ರಿಂಗ್ ಯಾವುದು ಅಂತ ಬೇರೆ ಬೇರೆ ಡಬ್ಬಿಯಲ್ಲಿ ಇಡಿ.

ಜೋಡಿಸುವಾಗ ಹೆಚ್ಚು ಹೊತ್ತು ಹಿಡಿಯುವುದು ಕೌಂಟರ್ ಗೇರ್. ನೀಡಲ್ ಬೇರಿಂಗನ್ನೂ ಎರಡು ಬದಿಯ ಥ್ರಸ್ಟ್ ವಾಶರನ್ನೂ ಗ್ರೀಸಿನಿಂದ ಅಂಟಿಸಿ, ವಾಶರಿನ ಕಿವಿ ಕೇಸಿನ ಕಚ್ಚಿಗೆ ಕೂತಿದೆಯೇ ನೋಡಿ, ಆಮೇಲೆ ಶಾಫ್ಟ್ ತೂರಿಸಿ. ಕಿವಿ ತಪ್ಪಿದರೆ ಕೇಸ್ ಮುಚ್ಚಿದ ಮೇಲೆ ಗೇರ್ ಬಿಗಿಯುತ್ತದೆ, ಬೋಲ್ಟ್ ಜೋರಾಗಿ ಎಳೆದರೆ ಅಲ್ಯೂಮಿನಿಯಂ ಒಡೆಯುತ್ತದೆ. ಬೇರಿಂಗ್ ಪ್ರೆಸ್ಸಿನಲ್ಲೇ ಕೂಡಿಸಬೇಕು. ಸುತ್ತಿಗೆಯ ಏಟಿಗೆ ರೇಸಿನ ಮೇಲೆ ಕುಳಿ ಬಿದ್ದರೆ ಮೊದಲ ದಿನವೇ ಗುಂಯ್‌ಗುಟ್ಟುತ್ತದೆ. ದೊಡ್ಡ ಗೇರ್ ಕೇಸಿನ ಗೋಡೆಗೆ ಎಲ್ಲಾದರೂ ತಾಗುತ್ತದೆಯೇ ಎಂದು ಸೀಲೆಂಟ್ ಹಚ್ಚುವ ಮುಂಚೆ ಒಂದು ಸಲ ಒಣಗಾಗಿ ಕೂಡಿಸಿ ತಿರುಗಿಸಿ ನೋಡಿ.

ಮುಚ್ಚಿದ ಮೇಲೆ ಬೆಂಚಿನ ಮೇಲೇ ಪರೀಕ್ಷೆ. ಇನ್‌ಪುಟ್ ಫ್ಲೇಂಜಿಗೂ ಹಿಂದಿನ ಔಟ್‌ಪುಟ್ ಫ್ಲೇಂಜಿಗೂ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಲೋ ಹಾಕಿ. ಔಟ್‌ಪುಟ್ ಒಂದು ಸುತ್ತು ಬರಲು ಇನ್‌ಪುಟ್ ನಾಲ್ಕು ಸುತ್ತು ತಿರುಗಿ, ಗೆರೆ ಆರರಲ್ಲಿ ಒಂದು ಭಾಗ ಮುಂದೆ ಹೋಗಿ ನಿಲ್ಲಬೇಕು. ನ್ಯೂಟ್ರಲ್ಲಿನಲ್ಲಿ ಔಟ್‌ಪುಟ್ ಬಿಡಿಯಾಗಿ ತಿರುಗಬೇಕು. ಫೋರ್ ಹೈನಲ್ಲಿ (ನಾಲ್ಕೂ ಗಾಲಿಗೆ ಬಲ, ಹೈ ರೇಂಜ್) ಮುಂದಿನ ಔಟ್‌ಪುಟ್ಟೂ ಹಿಂದಿನದೂ ಜೊತೆಗೇ ತಿರುಗಬೇಕು. ಇದಕ್ಕೆ ಐದು ನಿಮಿಷ ಸಾಕು, ಗಾಡಿಗೆ ಏರಿಸಿ ತಪ್ಪು ಕಂಡರೆ ಒಂದು ದಿನ ಹೋಗುತ್ತದೆ.

ಈಗ ಲೋ ರೇಂಜಿನಲ್ಲಿ ಆಕ್ಸಲ್ಲಿಗೆ ಹೋಗುವ ಬಲ ಮೊದಲಿನ 1.83 ಪಟ್ಟು. ಮೊದಲು ಸೋಲುವುದು ಮೌಂಟ್. ಹರಿದರೆ ಕೇಸ್ ಹೊರಳಿ ಗಿಡ್ಡ ಶಾಫ್ಟಿನ ಕ್ರಾಸ್ (ಬಾಗುವ ಕೀಲು) ತಿನ್ನುತ್ತದೆ. ಮುಂದಿನ ಗಾಲಿ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಆ ಗಾಲಿಗೆ ಬಲ ಕೊಡುವ ಸಿ.ವಿ. ಜಾಯಿಂಟ್ ಮುರಿಯುತ್ತದೆ. ಸ್ಟಿಯರಿಂಗ್ ನೇರ ಮಾಡಿಕೊಂಡೇ ಬಲ ಕೊಡಿ. ಒಣ ಡಾಂಬರಿನ ಮೇಲೆ ಫೋರ್ ಲೋ ಹಾಕಲೇಬೇಡಿ.

ನವಲಗುಂದದ ಎರಿ (ಕಪ್ಪು ಮಣ್ಣಿನ) ಹೊಲದವರು ಇದನ್ನು ಕೆಸರಿಗೆ ಅಂತ ಹಾಕಿಸಬೇಡಿ. ಮಳೆಗಾಲದ ಎರಿ ಮಣ್ಣು ಟೈರಿನ ಕಚ್ಚು ತುಂಬಿ ನುಣ್ಣಗೆ ಮಾಡುತ್ತದೆ, ಅದನ್ನು ಉದುರಿಸಲು ಗಾಲಿಗೆ ವೇಗ ಬೇಕು. ಅಲ್ಲಿ ಲೋ ಥರ್ಡ್ ಅಥವಾ ಫೋರ್ಥಿನಲ್ಲಿ ನಿಲ್ಲದೆ ಹೋಗಬೇಕು. ಹೊಸ ಲೋ ಫಸ್ಟ್ ಕಲ್ಲಿಗೆ ಮತ್ತು ಕಡಿದಾದ ಇಳಿಜಾರಿಗೆ ಮಾತ್ರ.

500 ಕಿ.ಮೀ. ಆದ ಮೇಲೆ ಆಯಿಲ್ ಇಳಿಸಿ ಬೆರಳಿನಲ್ಲಿ ಉಜ್ಜಿ ನೋಡಿ. ಬೂದಿಯಂಥ ನುಣುಪು ಪುಡಿ ಹೊಸ ಹಲ್ಲು ಕೂಡಿಕೊಂಡದ್ದು. ಚೂರು ಕೈಗೆ ಚುಚ್ಚಿದರೆ ಗಾಡಿ ನಿಲ್ಲಿಸಿ ಕೇಸ್ ಮತ್ತೆ ಬಿಚ್ಚಬೇಕು. ಆಗಲೇ ಮೌಂಟಿನ ಬೋಲ್ಟೂ ಒಂದು ಸಲ ಬಿಗಿ ಮಾಡಿ.