ದೃಶ್ಯ ಬಿಡಿಸುವುದು, ದೃಶ್ಯ ಕಟ್ಟುವುದು: ಮಾಧ್ಯಮ ವಿದ್ಯಾರ್ಥಿಗಳ ಮೊದಲ ಕಿರುಚಿತ್ರಕ್ಕೊಂದು ಕೈಪಿಡಿ

ಸಿನಿಮಾ ವಿಶ್ಲೇಷಣೆ ಅಂದರೆ ಬರೆಯುವ ಕೆಲಸ, ಕಿರುಚಿತ್ರ ಅಂದರೆ ಕ್ಯಾಮೆರಾದ ಕೆಲಸ ಎಂದು ಬೇರೆ ಬೇರೆ ಇಟ್ಟುಕೊಂಡರೆ ಎರಡೂ ಸೊರಗುತ್ತವೆ. ಇಲ್ಲಿ ಹೇಳುವ ದಾರಿ ಹೀಗಿದೆ: ಮೊದಲು ಯಾವುದಾದರೂ ಒಳ್ಳೆಯ ಸಿನಿಮಾದ ಮೂರು ನಿಮಿಷದ ಒಂದೇ ದೃಶ್ಯವನ್ನು ಶಾಟ್ ಶಾಟ್ ಆಗಿ (ಒಂದು ಕಟ್‌ನಿಂದ ಇನ್ನೊಂದು ಕಟ್‌ವರೆಗಿನ ತುಂಡು ಒಂದು ಶಾಟ್) ಬಿಡಿಸಿ ಪಟ್ಟಿ ಮಾಡಿ. ಆಮೇಲೆ ಅಲ್ಲಿ ಕಲಿತ ರಚನೆಯಲ್ಲೇ ನಿಮ್ಮೂರಿನ ಒಂದು ದೃಶ್ಯ ತೆಗೆಯಿರಿ. ತೆಗೆದದ್ದನ್ನೂ ಅದೇ ಪಟ್ಟಿಗೆ ಹಾಕಿ ಅಳೆಯಿರಿ. ಕಥೆ ಹುಡುಕುತ್ತ ಅರ್ಧ ಸೆಮಿಸ್ಟರ್ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು. ಫೋನು, ಟ್ರೈಪಾಡ್, ಕಾಲರ್ ಮೈಕು, ಇಯರ್‌ಫೋನು, ಸಾಧಾರಣ ಲ್ಯಾಪ್‌ಟಾಪ್ ಇದ್ದರೆ ಸಾಕು. ಮೊದಲ ಚಿತ್ರಕ್ಕೆ ಡ್ರೋನ್ ಬೇಡವೇ ಬೇಡ.

ಬಿಡಿಸುವುದು

ಹೊಡೆದಾಟ, ಹಾಡುಗಳನ್ನು ಬಿಟ್ಟು ಇಬ್ಬರೋ ಮೂವರೋ ಒಂದೇ ಜಾಗದಲ್ಲಿರುವ ದೃಶ್ಯ ಆರಿಸಿ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಈ ಅಭ್ಯಾಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಕಪ್ಪು-ಬಿಳುಪಿನ ಚಿತ್ರವಾದ್ದರಿಂದ ಬಣ್ಣದ ಗದ್ದಲವಿಲ್ಲದೆ ಬೆಳಕು-ನೆರಳಷ್ಟೇ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಯುವ ವಿಧವೆ ಯಮುನಕ್ಕನ ಕಥೆ ನಮಗೆ ತಲುಪುವುದು ಬಹುಮಟ್ಟಿಗೆ ನಾಣಿ ಎಂಬ ಹುಡುಗನ ಮೂಲಕ. ಹಾಗಾಗಿ ‘ಇದನ್ನು ಈಗ ನೋಡುತ್ತಿರುವವರು ಯಾರು’ ಎಂದು ಪ್ರತಿ ಕಟ್‌ಗೂ ಕೇಳಿಕೊಳ್ಳಬಹುದು.

ಮೊದಲ ಸಲ ಎಲ್ಲೂ ನಿಲ್ಲಿಸದೆ ನೋಡಿ. ಎರಡನೇ ಸಲ ಶಬ್ದ ಬಂದ್ ಮಾಡಿ ನೋಡಿ. ಮೂರನೇ ಸಲ ಪರದೆ ಮುಚ್ಚಿ ಬರೀ ಕೇಳಿ. ಚಿತ್ರ ನೋಡುವಾಗ ಕಿವಿಗೇ ಬೀಳದ ಕಾಲಸಪ್ಪಳ, ಬಾಗಿಲ ಕಿರ್ರನೆ ಸದ್ದು ಆಗ ಎದ್ದು ಕೇಳುತ್ತವೆ. ನಾಲ್ಕನೇ ಸಲ ವಿಎಲ್‌ಸಿ ಪ್ಲೇಯರಿನಲ್ಲಿ ‘E’ ಕೀಲಿ ಒತ್ತುತ್ತ ಒಂದೊಂದೇ ಫ್ರೇಮ್ ಮುಂದೆ ಸರಿದು ಕಟ್ ಎಲ್ಲಿ ಬಿದ್ದಿದೆ ಎಂದು ಗುರುತಿಸಿ. ಕಟ್ ಬಿದ್ದ ಕ್ಷಣದಲ್ಲಿ ಪಾತ್ರದ ಕೈ, ಕತ್ತು, ಕಣ್ಣು ಏನು ಮಾಡುತ್ತಿತ್ತು ಎಂಬುದನ್ನು ತಪ್ಪದೆ ಬರೆದುಕೊಳ್ಳಿ. ಎಷ್ಟೋ ಕಟ್‌ಗಳು ಚಲನೆಯ ನಡುವೆಯೇ ಇರುತ್ತವೆ. ಅದಕ್ಕೇ ಅವು ನಮಗೆ ಗೊತ್ತಾಗುವುದಿಲ್ಲ.

ಪಟ್ಟಿಗೆ ಎಂಟು ಕಲಂ ಬೇಕು: ಶಾಟ್ ಸಂಖ್ಯೆ, ಎಷ್ಟು ಸೆಕೆಂಡು, ಲಾಂಗ್-ಮಿಡ್-ಕ್ಲೋಸಪ್ (ದೂರ, ನಡುಮಟ್ಟ, ತೀರಾ ಹತ್ತಿರ) ಯಾವುದು, ಕ್ಯಾಮೆರಾದ ಎತ್ತರ, ಅದರ ಚಲನೆ, ಬೆಳಕು ಯಾವ ಬದಿಯಿಂದ, ಏನು ಕೇಳುತ್ತದೆ, ಈ ಶಾಟ್‌ನಿಂದ ಹೊಸದಾಗಿ ಏನು ತಿಳಿಯಿತು. ಕೊನೆಯ ಕಲಂ ಖಾಲಿ ಬಿಡುವವರೇ ಹೆಚ್ಚು, ಅಂಕ ಹೋಗುವುದೂ ಅಲ್ಲೇ. ಒಟ್ಟು ಸೆಕೆಂಡುಗಳನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ ಉದ್ದ ಸಿಗುತ್ತದೆ: 180 ಸೆಕೆಂಡಿನಲ್ಲಿ 24 ಶಾಟ್ ಇದ್ದರೆ 7.5 ಸೆಕೆಂಡು. ಆದರೆ ಸರಾಸರಿಗೇ ನಿಂತುಬಿಡಬೇಡಿ. ಎಲ್ಲಕ್ಕಿಂತ ಉದ್ದದ ಶಾಟ್ ಯಾವುದು, ನಿರ್ದೇಶಕರು ಅಲ್ಲೇ ಏಕೆ ಕಟ್ ಮಾಡದೆ ಕಾದರು ಎಂಬುದರಲ್ಲಿ ದೃಶ್ಯದ ಜೀವ ಸಿಗುತ್ತದೆ.

ಬರವಣಿಗೆಗೆ ಕೂತಾಗ ‘ಛಾಯಾಗ್ರಹಣ ಅದ್ಭುತ, ಅಭಿನಯ ಸಹಜ’ ಎಂಬಂಥ ವಾಕ್ಯ ಬಂದರೆ ಹೊಡೆದು ಹಾಕಿ. ‘ಮಗಳು ಮಾತಾಡುತ್ತಿರುವಾಗ ಕ್ಯಾಮೆರಾ ಅವಳ ಮುಖದ ಬದಲು ತಂದೆಯ ಬೆನ್ನನ್ನು 11 ಸೆಕೆಂಡು ತೋರಿಸುತ್ತದೆ, ಆತನ ಪ್ರತಿಕ್ರಿಯೆ ಮಗಳಿಗೂ ಕಾಣದು, ನಮಗೂ ಕಾಣದು, ಹಾಗಾಗಿ ನಾವು ಅವಳ ಆತಂಕದಲ್ಲೇ ಉಳಿಯುತ್ತೇವೆ’ — ವಿಶ್ಲೇಷಣೆಯ ವಾಕ್ಯ ಹೀಗಿರಬೇಕು. ಕಂಡದ್ದು, ಅಳೆದದ್ದು, ಅದರಿಂದ ಆದದ್ದು, ಮೂರೂ ಅದರಲ್ಲಿವೆ.

ಕಟ್ಟುವುದು: ಖಾನಾವಳಿಯ ಒಂದು ದೃಶ್ಯ

ಅಭ್ಯಾಸಕ್ಕೆ ಒಂದು ದೃಶ್ಯ ಕೊಡುತ್ತೇವೆ. ತಿಂಗಳ ಊಟದ ದುಡ್ಡು ಕೊಡಲಾಗದ ಒಬ್ಬ ವಿದ್ಯಾರ್ಥಿ. ಖಾನಾವಳಿ ನಡೆಸುವ ಅಕ್ಕ. ಮಾತು ಎರಡೇ:

“ಇನ್ನೊಂದ್ ರೊಟ್ಟಿ ಹಾಕ್ಲೇನ್ ತಮ್ಮಾ?”

“ಸಾಕ್ರಿ ಅಕ್ಕಾರ, ಹೊಟ್ಟಿ ತುಂಬೇತಿ.”

ಸಂಭಾಷಣೆಯನ್ನು ಪುಸ್ತಕದ ಕನ್ನಡದಲ್ಲಿ ಬರೆದರೆ ಉತ್ತರ ಕರ್ನಾಟಕದ ಯಾವ ನಟನ ಬಾಯಲ್ಲೂ ಕೂರುವುದಿಲ್ಲ. ಕಿವಿಗೆ ಬೀಳುವ ಹಾಗೇ ಬರೆಯಿರಿ, ಜೋರಾಗಿ ಓದಿ ನೋಡಿ.

ಶಾಟ್‌ಗಳು ಒಂಬತ್ತು ಸಾಕು. ರೊಟ್ಟಿ ಬಡಿಯುವ ಕೈ, ಕ್ಲೋಸಪ್, ಮುಖ ಬೇಡ. ಇಡೀ ಕೋಣೆಯ ಲಾಂಗ್ ಶಾಟ್: ಮೂಲೆಯ ಮೇಜಿನಲ್ಲಿ ಹುಡುಗ ಒಬ್ಬನೇ, ಹಿಂದೆ ಒಲೆಯ ಮುಂದೆ ಅಕ್ಕ. ಹುಡುಗನ ಮಿಡ್, ಕೊನೆಯ ತುಂಡನ್ನು ಮೆಲ್ಲಗೆ ಮುರಿಯುತ್ತಾನೆ. ಅಕ್ಕನ ಮಿಡ್, ಕೆಲಸದ ನಡುವೆ ಕಣ್ಣೆತ್ತುತ್ತಾಳೆ. ತಾಟು: ಪಲ್ಯ ಉಳಿದಿದೆ, ರೊಟ್ಟಿ ಮುಗಿದಿದೆ. ಹುಡುಗನ ಕ್ಲೋಸಪ್, ಅದರ ಮೇಲೆ ಫ್ರೇಮಿನ ಹೊರಗಿನಿಂದ ಅಕ್ಕನ ಪ್ರಶ್ನೆ, ಅದೇ ಶಾಟ್‌ನಲ್ಲಿ ಉತ್ತರ. ಅಕ್ಕನ ಕ್ಲೋಸಪ್, ಏನೂ ಹೇಳುವುದಿಲ್ಲ. ಲೆಕ್ಕದ ವಹಿ: ಹುಡುಗನ ಹೆಸರಿನ ಮುಂದೆ ಖಾಲಿ. ತಾಟಿಗೆ ಬೀಳುವ ಬಿಸಿರೊಟ್ಟಿ.

ವಹಿಯ ಶಾಟ್ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ದೃಶ್ಯದ ಅರ್ಥವೇ ಹೊರಳುತ್ತದೆ. ಪ್ರಶ್ನೆಗಿಂತ ಮೊದಲು ಇಟ್ಟರೆ ‘ಸಾಕ್ರಿ’ ಅನ್ನುವಾಗಲೇ ಹುಡುಗ ಸುಳ್ಳು ಹೇಳುತ್ತಿದ್ದಾನೆಂದು ನೋಡುವವರಿಗೆ ಗೊತ್ತಿರುತ್ತದೆ. ಅವರು ಅವನ ಸಂಕಟದ ಜೊತೆಗಿರುತ್ತಾರೆ. ಉತ್ತರದ ನಂತರ ಇಟ್ಟರೆ, ನಂಬಿದ ಮಾತು ಸುಳ್ಳೆಂದು ಆಮೇಲೆ ತಿಳಿಯುತ್ತದೆ. ಕೊನೆಯ ರೊಟ್ಟಿಯ ನಂತರ ಇಟ್ಟರೆ ದೃಶ್ಯ ಅಕ್ಕನದಾಗುತ್ತದೆ. ಮೂರನ್ನೂ ಎಡಿಟ್ ಮಾಡಿ ನೋಡಿ. ಎಡಿಟಿಂಗ್ ಏನೆಂದು ಇಷ್ಟು ಸ್ಪಷ್ಟವಾಗಿ ಹೇಳುವ ಅಭ್ಯಾಸ ಇನ್ನೊಂದಿಲ್ಲ.

ಹುಡುಗ ಮತ್ತು ಅಕ್ಕನ ನಡುವೆ ಒಂದು ಗೆರೆ ಇದೆ ಎಂದುಕೊಂಡು ಕ್ಯಾಮೆರಾವನ್ನು ಆ ಗೆರೆಯ ಒಂದೇ ಬದಿಗೆ ಇಡಿ. ದಾಟಿದರೆ ಇಬ್ಬರೂ ಪರದೆಯ ಮೇಲೆ ಒಂದೇ ದಿಕ್ಕಿಗೆ ನೋಡುತ್ತಾರೆ, ಒಬ್ಬರನ್ನೊಬ್ಬರು ನೋಡಿದಂತೆ ಅನ್ನಿಸುವುದಿಲ್ಲ. ಯಾವ ಬದಿ ಎಂಬುದನ್ನು ಕಿಟಕಿ ನಿರ್ಧರಿಸಲಿ: ಬೆಳಕು ಬೀಳುವ ಕೆನ್ನೆ ಕ್ಯಾಮೆರಾದಿಂದ ಆಚೆಗಿರಬೇಕು, ನೆರಳಿನ ಕೆನ್ನೆ ಈಚೆಗೆ. ಆಗ ಮುಖಕ್ಕೆ ಉಬ್ಬು-ತಗ್ಗು ಬರುತ್ತದೆ.

ಮಧ್ಯಾಹ್ನದ ಊಟ ಮುಗಿದು ರಾತ್ರಿಯ ತಯಾರಿ ಶುರುವಾಗುವ ಮುಂಚೆ, ಮೂರರಿಂದ ಐದರ ನಡುವೆ ಹೋಗಿ. ಮಾಲೀಕರಿಂದ ಒಂದು ಪುಟದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಗ್ಯಾಸು, ಹಿಟ್ಟಿನ ಖರ್ಚು ಕೊಟ್ಟೇ ಬನ್ನಿ. ಹಂಚಿನ ಮೇಲಿನ ರೊಟ್ಟಿ ಯಾರಿಗೂ ಕಾಯುವುದಿಲ್ಲ. ಬಡಿಯುವ ಕೈ, ಒದ್ದೆ ಬಟ್ಟೆಯಿಂದ ನೀರು ಸವರುವುದು, ಉಬ್ಬುವುದು, ಎಲ್ಲವನ್ನೂ ಒಂದೇ ಸರದಿಯಲ್ಲಿ ತೆಗೆದುಕೊಂಡುಬಿಡಿ. ಊಟದ ಶಾಟ್‌ಗಳಲ್ಲಿ ಪ್ರತಿ ಟೇಕ್ ಮುಗಿದ ಕೂಡಲೇ ತಾಟಿನ ಫೋಟೋ ಹೊಡೆಯಿರಿ. ಇಲ್ಲದಿದ್ದರೆ ಒಂದು ಶಾಟ್‌ನಲ್ಲಿ ಮುಗಿದ ರೊಟ್ಟಿ ಮುಂದಿನದರಲ್ಲಿ ಅರ್ಧ ಉಳಿದಿರುತ್ತದೆ.

ಕ್ಯಾಮೆರಾದ ಲೆಕ್ಕ

ನಮ್ಮ ವಿದ್ಯುತ್ತು 50 ಹರ್ಟ್ಝ್. ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಆದರೆ ಶಟರ್ (ಒಂದೊಂದು ಫ್ರೇಮ್ ಬೆಳಕಿಗೆ ತೆರೆದಿರುವ ಹೊತ್ತು) 1/60 ಸೆಕೆಂಡಿನಲ್ಲಿದ್ದರೆ ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಎಡಿಟಿಂಗ್‌ನಲ್ಲಿ ಅದನ್ನು ಪೂರ್ತಿ ತೆಗೆಯುವುದು ಕಷ್ಟ. ಆದ್ದರಿಂದ 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್), ಶಟರ್ 1/50. ಫೋನಿನ ಸ್ವಂತ ಕ್ಯಾಮೆರಾದಲ್ಲಿ ಇದನ್ನು ಹಿಡಿದಿಡಲು ಆಗದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್ ಹಾಕಿಕೊಳ್ಳಿ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸುವುದು) ಮೂರನ್ನೂ ಲಾಕ್ ಮಾಡಿ.

ಹೊರಗೆ ಬಿರುಬಿಸಿಲಿನಲ್ಲಿ ತೊಂದರೆ ಉಲ್ಟಾ. ಎಫ್ 1.8 ಲೆನ್ಸಿನ ಫೋನಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 50ಕ್ಕೆ ಇಳಿಸಿದರೂ 1/50 ಶಟರ್‌ಗೆ ಸುಮಾರು ಆರು ಸ್ಟಾಪ್ ಬೆಳಕು (ಒಂದೊಂದು ಸ್ಟಾಪಿಗೂ ಎರಡು ಪಟ್ಟು) ಹೆಚ್ಚಾಗುತ್ತದೆ. ಬೆಳಕನ್ನು ಅಷ್ಟು ತಗ್ಗಿಸುವ ಎನ್‌ಡಿ 64 ಫಿಲ್ಟರ್ ಬೇಕು. ಫಿಲ್ಟರ್ ಇಲ್ಲದಿದ್ದರೆ ಶಟರ್ ಏರಿಸಿ ತೆಗೆಯಿರಿ. ಚಲನೆ ಸ್ವಲ್ಪ ಕಟಕಟ ಅನ್ನಿಸೀತು, ಆದರೆ ಬೆಳ್ಳಗೆ ಸುಟ್ಟುಹೋದ ಆಕಾಶಕ್ಕಿಂತ ವಾಸಿ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚಿತ್ರೀಕರಿಸುವ ಆಸೆ ಸಹಜ, ಆದರೆ ಬಣ್ಣದ ವಿಷಯದಲ್ಲಿ ಅದು ಕಠಿಣ ಜಾಗ. ರಾಶಿ ರಾಶಿ ಕೆಂಪು ತುಂಬಿದಾಗ ಫೋನಿನ ಆಟೊ ವೈಟ್ ಬ್ಯಾಲೆನ್ಸ್ ಕೆಂಪನ್ನು ಸರಿದೂಗಿಸಲು ಹೋಗಿ ಜನರ ಮುಖಕ್ಕೆ ನೀಲಿ-ಹಸಿರು ಛಾಯೆ ತರುತ್ತದೆ. ಕೆಂಪು ಚಾನೆಲ್ ತುಂಬಿ ತುಳುಕಿ, ಕಾಯಿಯ ಸುಕ್ಕುಗಳೆಲ್ಲ ಅಳಿಸಿ ಬಣ್ಣ ಬಳಿದ ಹಾಗೆ ಕಾಣುತ್ತದೆ. ಬಿಸಿಲಿಗೆ 5600 ಕೆಲ್ವಿನ್‌ಗೆ ಲಾಕ್ ಮಾಡಿ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಆಮೇಲೆ ಮುಖದ ಬೆಳಕನ್ನು ಎಡಿಟಿಂಗ್‌ನಲ್ಲಿ ಏರಿಸಿ. ಬ್ಯಾಡಗಿ ಕಾಯಿಯ ಹೆಸರೇ ಸುಕ್ಕಿಗೆ ಮತ್ತು ಬಣ್ಣಕ್ಕೆ. ಸುಕ್ಕು ಕಾಣದಿದ್ದರೆ ಅದು ಬ್ಯಾಡಗಿ ಅನ್ನಿಸುವುದೇ ಇಲ್ಲ. ಘಾಟಿಗೆ ಕೆಮ್ಮು ಬರುವುದರಿಂದ ಸಂದರ್ಶನವನ್ನು ರಾಶಿಯಿಂದ ದೂರ ಮಾಡಿ.

ಲಕ್ಕುಂಡಿಯ ಗುಡಿಗಳಲ್ಲಿ ಒಳಗಿನ ಕತ್ತಲು ಮತ್ತು ಬಾಗಿಲಾಚೆಯ ಬಿಸಿಲು ಒಂದೇ ಫ್ರೇಮಿನಲ್ಲಿ ಹಿಡಿಸುವುದಿಲ್ಲ. ಬಾಗಿಲನ್ನು ಫ್ರೇಮಿನಿಂದ ಹೊರಗಿಡಿ, ಅಥವಾ ಬೆಳಗಿನ ಎಳೆಬಿಸಿಲಿಗೆ ಹೋಗಿ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರಂ ಎಲ್ಲರನ್ನೂ ಸೆಳೆಯುತ್ತದೆ, ಆದರೆ ಅಲ್ಲೂ ರೈಲ್ವೆಯ ಅನುಮತಿ ಇಲ್ಲದೆ ಚಿತ್ರೀಕರಣ ಆಗದು. ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ವಾರಗಳ ಮುಂಚೆ ಅರ್ಜಿ ಹಾಕಿ, ಇಲ್ಲವೇ ಕಥೆಯನ್ನೇ ಬೇರೆ ಕಡೆ ಸಾಗಿಸಿ.

ಧ್ವನಿ

ವಿದ್ಯಾರ್ಥಿ ಚಿತ್ರಗಳು ಬಹುತೇಕ ಸೋಲುವುದು ಧ್ವನಿಯಲ್ಲಿ. ಮಸುಕು ಚಿತ್ರವನ್ನು ಜನ ಸಹಿಸುತ್ತಾರೆ, ಕೇಳದ ಮಾತನ್ನು ಸಹಿಸುವುದಿಲ್ಲ. ಕಾಲರ್ ಮೈಕು ಗದ್ದದಿಂದ ಒಂದು ಗೇಣು ಕೆಳಗಿರಲಿ. ಪಾಲಿಯೆಸ್ಟರ್, ರೇಷ್ಮೆ ಬಟ್ಟೆ ಸರಸರ ಅನ್ನುತ್ತವೆ, ನಟರಿಗೆ ಹತ್ತಿ ಬಟ್ಟೆ ಹಾಕಿಸಿ. ಮೈಕಿನ ಪಿನ್ನು ನೋಡಿ ಕೊಳ್ಳಿ: ಫೋನಿನ 3.5 ಎಂಎಂ ಜಾಕಿಗೆ ಮೂರು ಕಪ್ಪು ಗೆರೆಯ ಪಿನ್ನು ಬೇಕು, ಕ್ಯಾಮೆರಾಕ್ಕೆ ಎರಡು ಗೆರೆಯದು. ಅದಲುಬದಲಾದರೆ ಫೋನು ಸುಮ್ಮನೆ ತನ್ನ ಒಳಮೈಕಿನಿಂದಲೇ ರೆಕಾರ್ಡ್ ಮಾಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಶುರುವಿಗೆ ಮೈಕನ್ನು ಉಗುರಿನಿಂದ ಕೆರೆದು ಇಯರ್‌ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

48 ಕಿಲೊಹರ್ಟ್ಝ್, ವೇವ್ ಫೈಲು, ಮಾತಿನ ಏರು -12 ಡೆಸಿಬಲ್ ಸುತ್ತ. ಸೊನ್ನೆ ಮುಟ್ಟಿ ಒಡೆದ ಧ್ವನಿ ಸರಿಯಾಗುವುದಿಲ್ಲ. ಖಾನಾವಳಿಯಲ್ಲಿ ಎಕ್ಸಾಸ್ಟ್ ಫ್ಯಾನು, ಫ್ರಿಜ್ ಬಂದ್ ಮಾಡಿಸಿ. ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ, ಹೊರಡುವಾಗ ಮತ್ತೆ ಚಾಲೂ ಮಾಡಲು ಮರೆಯುವುದಿಲ್ಲ. ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿ; ಕಟ್‌ಗಳ ನಡುವಿನ ಧ್ವನಿಯ ಹಳ್ಳ ತುಂಬುವುದು ಅದೇ. ರೊಟ್ಟಿ ಬಡಿಯುವ ತಾಳವನ್ನು ಬೇರೆಯಾಗಿ, ಮೈಕು ಹತ್ತಿರ ಹಿಡಿದು, ಎರಡು ನಿಮಿಷ ತೆಗೆದುಕೊಳ್ಳಿ. ಅಕ್ಕನ ಕ್ಲೋಸಪ್‌ನಲ್ಲಿ ಆ ಸದ್ದು ನಿಂತರೆ ಸಂಗೀತವೇ ಬೇಡ. ಸಂಗೀತ ಬೇಕೇ ಬೇಕೆಂದರೆ ಸಿನಿಮಾ ಹಾಡು ಎತ್ತಬೇಡಿ. ಧಾರವಾಡದಲ್ಲಿ ಹಿಂದೂಸ್ತಾನಿ ಕಲಿಯುವವರಿಗೆ ಬರವಿಲ್ಲ, ಒಬ್ಬರನ್ನು ಕೂರಿಸಿ ನುಡಿಸಿ.

ಎಡಿಟಿಂಗ್ ಮತ್ತು ಒಪ್ಪಿಸುವುದು

50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್) ತೆಗೆದ ವಿಡಿಯೊ ನಿಮಿಷಕ್ಕೆ 375 ಎಂಬಿ ತಿನ್ನುತ್ತದೆ. ಮೂರು ನಿಮಿಷದ ಚಿತ್ರಕ್ಕೆ ಹದಿನೈದು ನಿಮಿಷ ತೆಗೆದರೂ ಆರು ಜಿಬಿ ಒಳಗೆ. ಅದೇ ದಿನ ಎರಡು ಕಡೆ ಕಾಪಿ ಮಾಡಿ, ಆಮೇಲಷ್ಟೇ ಫೋನಿನಿಂದ ಅಳಿಸಿ.

ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ ಧಾರಾಳವಾಗಿ ಸಾಕು. ಟೈಮ್‌ಲೈನಿಗೆ ಏನನ್ನೂ ಹಾಕುವ ಮುಂಚೆ ಫ್ರೇಮ್ ರೇಟ್ 25 ಎಂದು ಹೊಂದಿಸಿ, ಆಮೇಲೆ ಬದಲಿಸಲು ಬಿಡುವುದಿಲ್ಲ. ಫೋನಿನ ವಿಡಿಯೊದಲ್ಲಿ ಫ್ರೇಮ್ ರೇಟ್ ಹಿಗ್ಗಿ ಕುಗ್ಗುತ್ತಿರುತ್ತದೆ. ಬೇರೆ ರೆಕಾರ್ಡರಿನ ಧ್ವನಿ ಮೊದಲು ಸರಿ ಕೂತು, ಎರಡು ನಿಮಿಷ ಆಗುವಷ್ಟರಲ್ಲಿ ತುಟಿ ಮಾತು ಬೇರೆಯಾಗಲು ಅದೇ ಕಾರಣ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿ ತನ್ನಿ. ಕನ್ನಡ ಶೀರ್ಷಿಕೆಗೆ ಯೂನಿಕೋಡ್ ಫಾಂಟೇ ಬಳಸಿ. ಒತ್ತಕ್ಷರ ಒಡೆದು ಕಂಡರೆ ಆ ಸಾಲನ್ನು ಬೇರೆ ಕಡೆ ಚಿತ್ರವಾಗಿ ಉಳಿಸಿ ತಂದು ಹಾಕಿ.

ಮುಗಿದ ಚಿತ್ರಕ್ಕೂ ಎಂಟು ಕಲಂ ಪಟ್ಟಿ ಮಾಡಿ, ಮೊದಲು ಬಿಡಿಸಿದ ದೃಶ್ಯದ ಪಟ್ಟಿಯ ಪಕ್ಕ ಇಡಿ. ಕೊನೆಯ ಕಲಂನಲ್ಲಿ ಬರೆಯಲು ಏನೂ ಸಿಗದ ಶಾಟ್ ಇದ್ದರೆ ತೆಗೆದುಹಾಕಿ. ಅದು ಎಷ್ಟೇ ಚೆಂದ ಬಂದಿದ್ದರೂ ಸರಿ. ವೈವಾದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಈ ಎರಡು ಪಟ್ಟಿಗಳ ವ್ಯತ್ಯಾಸದಲ್ಲೇ ಇರುತ್ತದೆ, ಆದ್ದರಿಂದ ಎರಡನ್ನೂ ಚಿತ್ರದ ಜೊತೆಗೇ ಒಪ್ಪಿಸಿ.

ಫೈಲು 1080ಪಿ, ಎಚ್.264, 12 ಎಂಬಿಪಿಎಸ್; ಮೂರು ನಿಮಿಷಕ್ಕೆ 270 ಎಂಬಿ ಆಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಹಿಂಡಿ ಹಿಪ್ಪೆ ಮಾಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಪ್ರದರ್ಶನದ ಹಿಂದಿನ ದಿನ ಅದೇ ಸಭಾಂಗಣದ ಪ್ರೊಜೆಕ್ಟರಿನಲ್ಲಿ, ಕಿಟಕಿ ಪರದೆ ಎಳೆದು, ಒಮ್ಮೆ ಓಡಿಸಿ ನೋಡಿ. ಲ್ಯಾಪ್‌ಟಾಪಿನಲ್ಲಿ ಕಂಡ ಒಲೆಯ ಬಳಿಯ ನೆರಳು ಅಲ್ಲಿ ಬೂದು ಬಣ್ಣಕ್ಕೆ ತಿರುಗಿದ್ದರೆ ಕಾಂಟ್ರಾಸ್ಟ್ ಸ್ವಲ್ಪ ಏರಿಸಿದ ಇನ್ನೊಂದು ಪ್ರತಿಯನ್ನು ಆ ಪ್ರೊಜೆಕ್ಟರಿಗೆಂದೇ ಮಾಡಿಟ್ಟುಕೊಳ್ಳಿ.