ಬಡಾವಣೆಯ ಆರೋಗ್ಯವನ್ನು ನೀವೇ ಸಮೀಕ್ಷೆ ಮಾಡುವ ಬಗೆ

ನಗರವಾಸಿಯ ಆರೋಗ್ಯವನ್ನು ಆತನ ಊಟ, ವ್ಯಾಯಾಮಗಳಷ್ಟೇ ನಿರ್ಧರಿಸುವುದಿಲ್ಲ. ಕುಡಿಯುವ ನೀರು, ಮನೆಯ ಗಾಳಿ ಬೆಳಕು, ದುಡಿಮೆಯ ಭದ್ರತೆ, ನೆರೆಹೊರೆಯ ಒಡನಾಟ ಎಲ್ಲಕ್ಕೂ ಅದರಲ್ಲಿ ಪಾಲಿದೆ. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಸತ್ತವರ ಮನೆಗಳನ್ನು ವಿಚಾರಿಸುತ್ತಾ ಹೋಗಿ, ಸಾವುಗಳು ಬ್ರಾಡ್ ಸ್ಟ್ರೀಟಿನ ಒಂದು ಕುಡಿಯುವ ನೀರಿನ ಪಂಪಿನ ಸುತ್ತಲೇ ಹೆಚ್ಚಾಗಿರುವುದನ್ನು ಕಂಡುಕೊಂಡರು. ನಮಗೂ ಅದೇ ದಾರಿ ಸಾಕು.

ಮೊದಲು ಬಡಾವಣೆಯ ನಕ್ಷೆಯೊಂದನ್ನು ಕೈಯಲ್ಲೇ ಬರೆದುಕೊಳ್ಳಿ. ನೀರಿನ ನಲ್ಲಿ, ತೆರೆದ ಚರಂಡಿ, ಕಸದ ರಾಶಿ, ಮರದ ನೆರಳು, ಬೀದಿದೀಪಗಳನ್ನು ಅದರಲ್ಲಿ ಗುರುತಿಸಿ, ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಸಲ ನಡೆದು ನೋಡಿ.

ರಸ್ತೆ ದಾಟುವ ಜಾಗದಲ್ಲಿ ಗಡಿಯಾರ ಹಿಡಿದು ನಿಲ್ಲುವುದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ. ಸೆಕೆಂಡಿಗೆ 1.2 ಮೀಟರ್ ನಡೆಯುವವರು 12 ಮೀಟರ್ ಅಗಲದ ರಸ್ತೆಯನ್ನು 10 ಸೆಕೆಂಡಿನಲ್ಲಿ ದಾಟಿದರೆ, 0.8 ಮೀಟರ್ ವೇಗದ ವೃದ್ಧೆಗೆ 15 ಸೆಕೆಂಡು ಬೇಕು. ಹಸಿರು ದೀಪ ಅಷ್ಟು ಹೊತ್ತು ಉರಿಯದಿದ್ದರೆ ಆಕೆ ನಡುರಸ್ತೆಯಲ್ಲಿ ಸೆರಗು ಬಿಗಿಹಿಡಿದು ನಿಲ್ಲಬೇಕಾಗುತ್ತದೆ. ಮರುದಿನದಿಂದ ಹೊರಗೆ ಬರುವುದನ್ನೇ ಬಿಟ್ಟರೂ ಬಿಟ್ಟಾರು. ನಡಿಗೆಯೂ ತಪ್ಪಿತು, ನಾಲ್ಕು ಜನರ ಮಾತೂ ತಪ್ಪಿತು.

ನಕ್ಷೆಯಲ್ಲಿ ಕಾಣದ ಸಂಗತಿಗಳನ್ನು ಮಾತಾಡಿಯೇ ತಿಳಿಯಬೇಕು. 1995ರ ಜುಲೈನಲ್ಲಿ ಷಿಕಾಗೊ ನಗರದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಬಲಿಯಾದರು. ಒಂಟಿಯಾಗಿ ಬದುಕುವವರು, ಮನೆಯಿಂದ ಹೊರಬೀಳದವರು, ಮೇಲಿನ ಮಹಡಿಯಲ್ಲಿದ್ದವರು ಅಲ್ಲಿ ಹೆಚ್ಚಿನ ಅಪಾಯಕ್ಕೆ ಸಿಲುಕಿದ್ದರು. ಆದ್ದರಿಂದ ಒಂಟಿಯಾಗಿರುವವರು ಯಾರು, ಅವರ ಬಾಗಿಲು ತಟ್ಟುವವರು ಯಾರು, ಒಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾಗದವರು ಯಾರು ಎಂದು ಕೇಳಿ. ಯಾರ ಕಾಯಿಲೆಯನ್ನೂ ಹೆಸರು ಸಹಿತ ಬರೆದಿಡಬೇಡಿ. ನಂಬಿ ಹೇಳಿದ ಮಾತು ಅದು.

ಒಂದು ಬೀದಿಯಲ್ಲಿ ಕಾಯಿಲೆ ಹೆಚ್ಚೆಂದು ಕಂಡ ಕೂಡಲೇ ಬೀದಿಯನ್ನೇ ದೂರಬಾರದು. ಅಲ್ಲಿ ವಯಸ್ಸಾದವರೇ ಹೆಚ್ಚಿರಬಹುದು, ಅಥವಾ ಕಾಯಿಲೆಯಿಂದ ದುಡಿಮೆ ಕಳೆದುಕೊಂಡವರು ಅಗ್ಗದ ಬಾಡಿಗೆ ಹುಡುಕಿ ಅಲ್ಲಿಗೆ ಬಂದಿರಬಹುದು.

ಸ್ಥಳೀಯ ಆಡಳಿತಕ್ಕೆ ಮನವಿ ಕೊಡುವಾಗ ಹತ್ತು ಬೇಡಿಕೆಗಳ ಪಟ್ಟಿಗಿಂತ ಅಳತೆ ಸಹಿತವಾದ ಒಂದೇ ಬೇಡಿಕೆ ಮೇಲು: ಹಸಿರು ದೀಪಕ್ಕೆ ಇಷ್ಟು ಸೆಕೆಂಡು ಸೇರಿಸಿ ಎಂಬಂತೆ. ಅದು ಈಡೇರಿದ ಮೇಲೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಮತ್ತೊಮ್ಮೆ ಅಳೆದು, ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ.