ಟರ್ಬೋ ಹಾಕಿದ ಎಸ್ಟೀಮ್‌ಗೆ ಪೆಟ್ರೋಲ್ ಲೆಕ್ಕ

ನನ್ನ ಹಳೇ ಮಾರುತಿ ಎಸ್ಟೀಮ್ ಕಾರಿಗೆ ಟರ್ಬೋ, ಅಂದರೆ ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ, ಕೂರಿಸಲು ಒಂದು ವಾರ ಸಾಕಾಯಿತು. ಅದಕ್ಕೆ ಪೆಟ್ರೋಲ್ ಹೇಗೆ ಕೊಡಬೇಕು ಅಂತ ತೀರ್ಮಾನಿಸಲು ಎಂಟು ತಿಂಗಳು ಹಿಡಿಯಿತು.

1.3 ಲೀಟರ್, 16 ವಾಲ್ವ್, 85 ಎಚ್‌ಪಿ ಇಂಜಿನ್. ಟರ್ಬೋಗೆ ಅಂತ ಮಾಡಿದ್ದಲ್ಲ. ಹಾಗಾಗಿ ಅರ್ಧ ಬಾರ್ ಬೂಸ್ಟ್ (ಟರ್ಬೋ ಸೇರಿಸುವ ಹೆಚ್ಚುವರಿ ಗಾಳಿಯ ಒತ್ತಡ) ಸಾಕು, ಸುಮಾರು 130 ಎಚ್‌ಪಿ ಬಂದರೆ ಖುಷಿ ಅಂದುಕೊಂಡೆ. ಗಾಡಿ ಟ್ರ್ಯಾಕ್‌ಗೆ ಮಾತ್ರ. ರಸ್ತೆ ಗಾಡಿಗೆ ಹೀಗೆ ಮಾಡಲು ಹೋದರೆ ಗಾಡಿಯ ಮೂಲ ವಿವರ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ.

ಮೊದಲು ಕಣ್ಣು ಬಿದ್ದಿದ್ದು ಅಗ್ಗದ ದಾರಿಯ ಮೇಲೆ. ಬೂಸ್ಟ್ ಏರಿದಂತೆ ಪೆಟ್ರೋಲ್ ಒತ್ತಡ ಏರಿಸುವ ರೆಗ್ಯುಲೇಟರ್. ಕಂಪನಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಮುಟ್ಟಬೇಕಿಲ್ಲ, ವೈರಿಂಗ್ ಇಲ್ಲ. ಆದರೆ ಒಂದು ರಾತ್ರಿ ಲೆಕ್ಕ ಹಾಕಿದಾಗ ಬಣ್ಣ ಬಯಲಾಯಿತು. ಒತ್ತಡ ಎರಡು ಪಟ್ಟಾದರೆ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಮೂತಿ) ಎರಡು ಪಟ್ಟು ಪೆಟ್ರೋಲ್ ಬಿಡುವುದಿಲ್ಲ, ಅದರ ವರ್ಗಮೂಲದಷ್ಟೇ ಬಿಡುತ್ತದೆ. ಒಂದೂವರೆ ಪಟ್ಟು ಪೆಟ್ರೋಲ್ ಬೇಕೆಂದರೆ ಒತ್ತಡ ಎರಡೂಕಾಲು ಪಟ್ಟು ಆಗಬೇಕು. ಮೂರು ಬಾರ್ ಇದ್ದದ್ದು ಏಳರ ಹತ್ತಿರ! ಹಳೇ ಪಂಪ್‌ನಿಂದ ಇದನ್ನು ಕೇಳುವುದು ಸುಮ್ನೆ ಆಸೆ ಅಷ್ಟೇ.

ಆಮೇಲೆ ಪಿಗ್ಗಿಬ್ಯಾಕ್. ದೊಡ್ಡ ಇಂಜೆಕ್ಟರ್ ಹಾಕಿ, ಸೆನ್ಸರ್ ಸಿಗ್ನಲ್ ತಗ್ಗಿಸಿ ಇಸಿಯುಗೆ ಸುಳ್ಳು ಹೇಳುವುದು. ಪೆಟ್ರೋಲ್ ಸರಿಹೋಗುತ್ತದೆ. ಆದರೆ ಲೋಡ್ ಕಮ್ಮಿ ಇದೆ ಅಂತ ನಂಬಿದ ಇಸಿಯು ಕಿಡಿಯನ್ನು ಇನ್ನೂ ಬೇಗ ಹಾರಿಸುತ್ತದೆ. ಬೂಸ್ಟ್‌ನಲ್ಲಿ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಗೆಳೆಯನ ಗಾಡಿಯಲ್ಲಿ ಇದೇ ಆಗಿ, ಪೆಟ್ರೋಲ್ ಹದ ತಪ್ಪಿ ಸಿಡಿದು, ಡಬ್ಬದಲ್ಲಿ ಜಲ್ಲಿ ಕುಲುಕಿದಂಥ ಸದ್ದು ಬಂತು. ಅವನು ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದ. ಆ ಪಿಸ್ಟನ್ ಈಗ ನನ್ನ ಕಿಟಕಿ ಮೇಲಿದೆ. ಮೊದಲ ಮತ್ತು ಎರಡನೇ ರಿಂಗ್ ನಡುವಿನ ಅಂಚು ಕೋಡುಬಳೆ ಮುರಿದ ಹಾಗೆ ಮುರಿದಿದೆ.

ಅದನ್ನು ದಿನಾ ನೋಡುತ್ತಾ ನಿರ್ಧಾರ ಮಾಡಿದೆ: ಪೆಟ್ರೋಲ್, ಕಿಡಿ ಎರಡೂ ಒಂದೇ ಕೈಯಲ್ಲಿರಬೇಕು. ಅಂದರೆ ಪೂರ್ತಿ ಸ್ವತಂತ್ರ ಇಸಿಯು. ನಾನು ಹಾಕಿದ್ದು ಮೆಗಾಸ್ಕ್ವರ್ಟ್. ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡವನ್ನು ಅದರೊಳಗಿರುವ ಮ್ಯಾಪ್ ಸೆನ್ಸರ್ 250 ಕಿಲೋಪ್ಯಾಸ್ಕಲ್ ತನಕ ಅಳೆಯುತ್ತದೆ. ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 91, ಚೆನ್ನೈಯಲ್ಲಿ 101. ಅದೇ ಅರ್ಧ ಬಾರ್ ಬೂಸ್ಟ್ ಇಲ್ಲಿ 141, ಅಲ್ಲಿ 151. ಇಲ್ಲಿ ಟ್ಯೂನ್ ಮಾಡಿ ಅಲ್ಲಿನ ಟ್ರ್ಯಾಕ್‌ಗೆ ಹೋಗುವವರು ಇಸಿಯುನ ಪೆಟ್ರೋಲ್ ಕೋಷ್ಟಕದಲ್ಲಿ ಹೆಚ್ಚಿನ ಒತ್ತಡದ ಸಾಲುಗಳನ್ನೂ ತುಂಬಿಕೊಂಡು ಹೋಗಿ.

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಪುಲ್ಲಿಗೆ 36ರಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಬೇಕಿತ್ತು. ಪೀಣ್ಯದ ಲೇತ್ ಅಂಗಡಿಗೆ ಡ್ರಾಯಿಂಗ್ ಕೊಟ್ಟೆ. ಎರಡು ದಿನ ಬಿಟ್ಟು ಹೋದರೆ, "ಸಾರ್, ನೀವು ಒಂದು ಹಲ್ಲು ಬರೆಯೋದು ಮರೆತಿದ್ರಿ, ನಾನೇ ಸೇರಿಸಿಬಿಟ್ಟೆ" ಅಂದರು ಅಣ್ಣ. ಆ ಖಾಲಿ ಜಾಗ ನೋಡಿಯೇ ಇಸಿಯು ಕ್ರ್ಯಾಂಕ್ ಎಲ್ಲಿದೆ ಅಂತ ತಿಳಿಯುವುದು ಅಂದೆ. ನಗುತ್ತಾ ಮಿಲ್ಲಿಂಗ್ ಮೆಷಿನ್‌ಗೆ ಹಾಕಿ ಆ ಹಲ್ಲು ಕಿತ್ತುಕೊಟ್ಟರು. ದುಡ್ಡು ಜಾಸ್ತಿ ಕೇಳಲಿಲ್ಲ.

ಇಂಜೆಕ್ಟರ್ ಲೆಕ್ಕ ಹೀಗಿತ್ತು. ಟರ್ಬೋ ಇಂಜಿನ್‌ಗೆ ಒಂದು ಎಚ್‌ಪಿಗೆ ಗಂಟೆಗೆ 0.6 ಪೌಂಡ್ ಪೆಟ್ರೋಲ್ ಅಂತ ಹಿಡಿದರೆ 130ಕ್ಕೆ 78 ಪೌಂಡ್. ನಾಲ್ಕು ಇಂಜೆಕ್ಟರ್‌ಗೆ ಹಂಚಿ, ಒಂದೊಂದೂ ಹೆಚ್ಚೆಂದರೆ ನೂರಕ್ಕೆ 80ರಷ್ಟು ಹೊತ್ತು ತೆರೆದಿರಲಿ ಅಂದರೆ ನಿಮಿಷಕ್ಕೆ ಸುಮಾರು 256 ಸಿಸಿ. ನೂರಕ್ಕೆ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್‌ಗೆ ಇನ್ನೊಂದಿಷ್ಟು ಸೇರಿಸಿ 330 ಸಿಸಿಯವು ತಂದೆ.

ಆದರೆ ಇದಕ್ಕೆಲ್ಲ ಮುಂಚೆ ಕೊಂಡದ್ದು, ಹೊಗೆ ನೋಡಿ ಗಾಳಿ-ಪೆಟ್ರೋಲ್ ಹದ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್. ಅದಿಲ್ಲದೆ ಟ್ಯೂನ್ ಮಾಡುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಗ್ಗರಣೆ ಹಾಕಿದ ಹಾಗೆ. ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಅನ್ನುವ ಹಳೇ ಲೆಕ್ಕ ಇ20ಗೆ ಹೊಂದುವುದಿಲ್ಲ, ಹಾಗಾಗಿ ಲ್ಯಾಂಬ್ಡಾದಲ್ಲೇ ಓದುತ್ತೇನೆ: 1 ಅಂದರೆ ಸರಿ ಹದ, ಕಮ್ಮಿಯಾದರೆ ಪೆಟ್ರೋಲ್ ಜಾಸ್ತಿ. ಫುಲ್ ಬೂಸ್ಟ್‌ನಲ್ಲಿ 0.80 ದಾಟಲು ಬಿಡುವುದಿಲ್ಲ.

ಬೂಸ್ಟ್‌ನ ಕೋಷ್ಟಕ ಎರಡೇ ದಿನಕ್ಕೆ ಹದಕ್ಕೆ ಬಂತು. ಸತಾಯಿಸಿದ್ದು ಕೋಲ್ಡ್ ಸ್ಟಾರ್ಟ್. ತಣ್ಣಗಿರುವ ಇಂಜಿನ್ ದಿನಕ್ಕೆ ಒಂದೇ ಸಲ ಸಿಗುತ್ತದೆ, ಅಲ್ವಾ? ಬೆಳಿಗ್ಗೆ ಲ್ಯಾಪ್‌ಟಾಪ್ ತೊಡೆ ಮೇಲಿಟ್ಟು ಒಂದು ಅಂಕಿ ಬದಲಾಯಿಸಿ ಕೀ ತಿರುಗಿಸುವುದು, ಕೆಮ್ಮಿ ನಿಂತರೆ ನಾಳೆಗೆ ಕಾಯುವುದು. ಹನ್ನೊಂದನೇ ಬೆಳಿಗ್ಗೆ ಒಂದೇ ಕೀಗೆ ಹತ್ತಿತು. ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಮ್ಮ, "ಮೊದಲೂ ಹೀಗೇ ಸ್ಟಾರ್ಟ್ ಆಗ್ತಿತ್ತಲ್ಲೋ" ಅಂದರು.